ಹಿಕ್ಕಡುವ: ಒಂದೇ ಪ್ರವಾಸದಲ್ಲಿ ಡೈವಿಂಗ್ ಕೋರ್ಸೂ ಸರ್ಫಿಂಗೂ ಆಗಬೇಕು, ದಿನಗಳನ್ನು ಹೇಗೆ ಜೋಡಿಸುವುದು?

ಕಡಲಹಕ್ಕಿ (ಪ್ರಶ್ನೆ)

ನಮಸ್ಕಾರ. ಫೆಬ್ರುವರಿ ಎರಡನೇ ವಾರ ಇಬ್ಬರು ಶ್ರೀಲಂಕಾದ ಹಿಕ್ಕಡುವಕ್ಕೆ ಹೊರಟಿದ್ದೇವೆ. ಕೈಯಲ್ಲಿರುವುದು ಒಂಬತ್ತು ದಿನ, ಬೆಂಗಳೂರಿನಿಂದ ಕೊಲಂಬೊಗೆ ವಿಮಾನ. ಇಬ್ಬರಿಗೂ ಈಜು ಬರುತ್ತದೆ, ಆದರೆ ಕೊಳದಲ್ಲಿ ಕಲಿತ ಈಜು. ಒಬ್ಬರು ಡೈವಿಂಗ್‌ನ ಮೊದಲ ಸರ್ಟಿಫಿಕೇಟ್ ಕೊಡುವ ಓಪನ್ ವಾಟರ್ ಕೋರ್ಸ್ ಮುಗಿಸಿಕೊಂಡೇ ವಾಪಸಾಗಬೇಕು, ಇನ್ನೊಬ್ಬರಿಗೆ ಸರ್ಫಿಂಗ್ ಕಲಿಯಬೇಕು. ಸಮಯ ಉಳಿದರೆ ಅದಲು ಬದಲು.

ಈಗ ಹಾಕಿಕೊಂಡಿರುವ ಲೆಕ್ಕ: ಮೊದಲ ಮೂರು ದಿನ ಇಬ್ಬರೂ ಸರ್ಫಿಂಗ್, ಆಮೇಲೆ ನಾಲ್ಕು ದಿನ ಡೈವಿಂಗ್, ಕೊನೆಯ ಎರಡು ದಿನ ಬೆಟ್ಟದ ಊರಾದ ನುವರ ಎಲಿಯ ನೋಡಿಕೊಂಡು ಅಲ್ಲಿಂದಲೇ ವಿಮಾನ ನಿಲ್ದಾಣ. ಈ ಕ್ರಮ ಸರಿಯೇ? ಬೆಳಿಗ್ಗೆ ಡೈವ್ ಮಾಡಿ ಸಂಜೆ ಸರ್ಫ್ ಮಾಡಬಹುದೇ? ಇಲ್ಲಿಂದ ಏನು ಒಯ್ಯಬೇಕು, ಏನು ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಬೇಕು? ಡೈವ್ ಅಂಗಡಿ ಒಳ್ಳೆಯದೋ ಅಲ್ಲವೋ ಅಂತ ಹೊಸಬರಿಗೆ ಗೊತ್ತಾಗುವುದು ಹೇಗೆ?

ನೀರಾಳ

ತಿಂಗಳು ಸರಿಯಾಗಿದೆ, ಕ್ರಮ ತಲೆಕೆಳಗಾಗಿದೆ. ಮೊದಲು ಬೆಟ್ಟ, ಆಮೇಲೆ ಡೈವಿಂಗ್, ಕೊನೆಗೆ ಸರ್ಫಿಂಗ್. ಇದು ರುಚಿಯ ಪ್ರಶ್ನೆಯಲ್ಲ, ರಕ್ತದಲ್ಲಿ ಕರಗಿರುವ ನೈಟ್ರೋಜನ್‌ನ ಪ್ರಶ್ನೆ.

ಆಳದ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ಮೈಯಲ್ಲಿ ಕರಗುತ್ತದೆ, ಅದು ಹೊರಹೋಗುವ ಮುನ್ನ ಒತ್ತಡ ಇಳಿದರೆ ಗುಳ್ಳೆ ಕಟ್ಟುತ್ತದೆ. ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಎನ್ನುವುದು ಎಲ್ಲರ ಕಿವಿಗೂ ಬಿದ್ದಿರುತ್ತದೆ. ಬೆಟ್ಟ ಹತ್ತುವುದಕ್ಕೂ ಅದೇ ನಿಯಮ ಎನ್ನುವುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ನುವರ ಎಲಿಯ ಸಮುದ್ರಮಟ್ಟದಿಂದ ಸುಮಾರು 1,870 ಮೀಟರ್ ಎತ್ತರದಲ್ಲಿದೆ. ವಿಮಾನದ ಕ್ಯಾಬಿನ್ ಒಳಗಿನ ಒತ್ತಡವೂ ಹೆಚ್ಚುಕಡಿಮೆ ಇದೇ ಎತ್ತರದ್ದು. ಕಾರಿನಲ್ಲಿ ಕೂತು ಹೋದರೂ ದೇಹಕ್ಕೆ ಎರಡೂ ಒಂದೇ. ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಅಂದರೆ ಡ್ಯಾನ್, ಕೊಟ್ಟಿರುವ ಸೂಚನೆ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದೇ ದಿನ ಹಲವು ಡೈವ್ ಅಥವಾ ಸತತ ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. 600 ಮೀಟರ್ ದಾಟಿದ ಎತ್ತರಕ್ಕೆಲ್ಲ ಇದು ಅನ್ವಯ. ಲೆಕ್ಕ ಇಡುವ ತಲೆನೋವೇ ಬೇಡ ಎಂದರೆ ಪೂರ್ತಿ 24 ಗಂಟೆ ಬಿಡಿ.

ಬೆಟ್ಟದಿಂದ ಇಳಿದು ಬಂದು ಡೈವ್ ಮಾಡುವುದಕ್ಕೆ ಯಾವ ತೊಂದರೆಯೂ ಇಲ್ಲ. ಹಾಗಾಗಿ: ಮೊದಲ ದಿನ ಇಳಿದು ಬೆಟ್ಟಕ್ಕೆ, ಎರಡನೇ ದಿನ ಅಲ್ಲೇ, ಮೂರನೇ ದಿನ ಪೂರ್ತಿ ಪ್ರಯಾಣಕ್ಕೆ, 4ರಿಂದ 6ರವರೆಗೆ ಕೋರ್ಸ್. ಏಳನೇ ದಿನ ಖಾಲಿ ಇಡಿ. ಕಡಲು ಕೆಟ್ಟು ಒಂದು ದಿನ ಹೋದರೆ ಅದು ಕೋರ್ಸಿಗೆ ಬರುತ್ತದೆ, ಕೆಡದಿದ್ದರೆ ಹಡಗಿನ ಅವಶೇಷ ನೋಡಲು. ಎಂಟನೇ ದಿನ ಇಬ್ಬರೂ ಸರ್ಫಿಂಗ್, ಒಂಬತ್ತಕ್ಕೆ ವಿಮಾನ. ನುವರ ಎಲಿಯ ಕೈಬಿಟ್ಟರೆ ಕಡಲಿಗೆ ಎರಡು ದಿನವಾದರೂ ಹೆಚ್ಚು ಸಿಗುತ್ತದೆ. ಒಂಬತ್ತೇ ದಿನ ಇರುವಾಗ ಕೈಬಿಡುವುದೇ ಮೇಲು ಅನ್ನುತ್ತೇನೆ.

ಬೆಳಿಗ್ಗೆ ಡೈವ್, ಸಂಜೆ ಸರ್ಫ್ ಬೇಡ. ಡೈವ್ ಮುಗಿದು ಹಲವು ಗಂಟೆಗಳವರೆಗೆ ದೇಹ ನೈಟ್ರೋಜನ್ನನ್ನು ನಿಧಾನವಾಗಿ ಹೊರಹಾಕುತ್ತಿರುತ್ತದೆ. ಆ ಹೊತ್ತಿನಲ್ಲಿ ಬೋರ್ಡಿನ ಮೇಲೆ ಮಲಗಿ ಭುಜ, ತೋಳು ಸೋಲುವಷ್ಟು ಕೈಯಿಂದ ಪ್ಯಾಡಲ್ ಹೊಡೆದರೆ ಗುಳ್ಳೆ ಕಟ್ಟುವ ಅಪಾಯ ಹೆಚ್ಚುತ್ತದೆ. ಅದನ್ನು ತಿರುಗಿಸಿ ಬೆಳಿಗ್ಗೆ ಸರ್ಫ್ ಇಟ್ಟರೆ ದಣಿದು, ಬೆವರಿ, ಮೂಗಿನೊಳಗೆ ಉಪ್ಪುನೀರು ತುಂಬಿಕೊಂಡು ದೋಣಿ ಹತ್ತುತ್ತೀರಿ, ಕೆಳಗೆ ಕಿವಿಯ ಒತ್ತಡ ಸಮವಾಗುವುದಿಲ್ಲ. ಹೇಗೂ ಡೈವ್ ದೋಣಿ ಹೊರಡುವುದೂ ಒಳ್ಳೆಯ ಅಲೆ ಸಿಗುವುದೂ ಬೆಳಗಿನ ಅದೇ ಹೊತ್ತಿನಲ್ಲಿ. ಒಂದು ದಿನ ಒಂದನ್ನೇ ಮಾಡಿ.

ಕೋರ್ಸಿನ ಪಾಠದ ಭಾಗವನ್ನು ಮನೆಯಲ್ಲೇ ಆನ್‌ಲೈನ್‌ನಲ್ಲಿ ಮುಗಿಸಿ. ಡೈವಿಂಗ್ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಾದ ಪ್ಯಾಡಿ, ಎಸ್‌ಎಸ್‌ಐ ಎರಡರಲ್ಲೂ ಆ ಸೌಲಭ್ಯ ಇದೆ. ಅಲ್ಲಿ ಹೋಗಿ ಫ್ಯಾನಿನಡಿ ಕೂತು ವಿಡಿಯೊ ನೋಡುವುದರಲ್ಲಿ ಒಂದು ದಿನ ಹಾಳಾಗುವುದು ತಪ್ಪುತ್ತದೆ. ಉಳಿಯುವುದು ಆಳವಿಲ್ಲದ ನೀರಿನ ಅಭ್ಯಾಸ ಮತ್ತು ಕಡಲಿನ ನಾಲ್ಕು ಡೈವ್. ಇವು ಕನಿಷ್ಠ ಎರಡು ದಿನಗಳಿಗೆ ಹರಡಿರಬೇಕು, ಗರಿಷ್ಠ ಆಳ 18 ಮೀಟರ್. ಪರೀಕ್ಷೆಯ ಈಜು 200 ಮೀಟರ್, ವೇಗದ ಷರತ್ತಿಲ್ಲ. ಜೊತೆಗೆ ಹತ್ತು ನಿಮಿಷ ಏನನ್ನೂ ಹಿಡಿಯದೆ ತೇಲಬೇಕು. ಕೊಳದಲ್ಲಿ ಕಲಿತವರು ಎಡವುವುದು ತೇಲುವುದರಲ್ಲೇ, ಅದನ್ನು ಊರಲ್ಲೇ ರೂಢಿಸಿಕೊಂಡು ಹೋಗಿ.

ತೆರೆಸವಾರ

ನೀರಾಳ ಅವರ ಕ್ರಮ ಸರಿ. ಆದರೆ ಅದನ್ನು ಕಲ್ಲಿನಲ್ಲಿ ಕೆತ್ತಬೇಡಿ, ಮುನ್ಸೂಚನೆ ನೋಡಿ ಒಂದೆರಡು ದಿನ ಹಿಂದೆ ಮುಂದೆ ಮಾಡಲು ಜಾಗ ಇಟ್ಟುಕೊಳ್ಳಿ. ಸರ್ಫಿಂಗ್‌ಗೆ ಒಳ್ಳೆಯ ದಿನ ಡೈವಿಂಗ್‌ಗೆ ಒಳ್ಳೆಯ ದಿನ ಆಗಿರುವುದು ಅಪರೂಪ.

ಹಿಕ್ಕಡುವದ ಹಂಗಾಮು ನವೆಂಬರ್‌ನಿಂದ ಏಪ್ರಿಲ್. ಈ ತಿಂಗಳುಗಳಲ್ಲಿ ಈಶಾನ್ಯ ಮಾನ್ಸೂನ್ ಗಾಳಿ ನೈಋತ್ಯ ಕರಾವಳಿಯಲ್ಲಿ ನೆಲದಿಂದ ಕಡಲಿನ ಕಡೆ ಬೀಸುತ್ತದೆ. ಎದುರು ಗಾಳಿಗೆ ಅಲೆಯ ಮುಖ ನೆಟ್ಟಗೆ, ನುಣುಪಾಗಿ ನಿಲ್ಲುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲ ಗಾಳಿ ಶುರುವಾಗಿ ಎಲ್ಲ ಕಲಸಿಹೋಗುತ್ತದೆ. ಆದ್ದರಿಂದ ಬೆಳಕು ಹರಿಯುವಾಗ ನೀರಿನಲ್ಲಿರಿ, ಹತ್ತರ ಹೊತ್ತಿಗೆ ಹೊರಗೆ ಬನ್ನಿ. ಮೇ ತಿಂಗಳಲ್ಲಿ ನೈಋತ್ಯ ಮಾನ್ಸೂನ್ ಬಂತೆಂದರೆ ಈ ಕಡೆ ಡೈವಿಂಗ್ ಬಹುತೇಕ ಮುಚ್ಚುತ್ತದೆ. ಆಗ ಸರ್ಫ್ ಮಾಡುವವರು ಪೂರ್ವ ಕರಾವಳಿಯ ಅರುಗಂ ಬೇಗೆ, ಡೈವ್ ಮಾಡುವವರು ತ್ರಿಂಕೋಮಲಿಗೆ.

ಮುನ್ಸೂಚನೆ ಓದುವಾಗ ಅಲೆಯ ಎತ್ತರ ಒಂದನ್ನೇ ನೋಡಿ ಮೋಸಹೋಗುವವರು ಜಾಸ್ತಿ. ಪಕ್ಕದಲ್ಲಿ ಸೆಕೆಂಡುಗಳಲ್ಲಿ ಬರೆದಿರುವ ಅವಧಿ, ಅಂದರೆ ಪೀರಿಯಡ್, ಅದಕ್ಕಿಂತ ಮುಖ್ಯ. ಆಳದ ಕಡಲಲ್ಲಿ ಅಲೆಯ ಉದ್ದ ಅವಧಿಯ ವರ್ಗದಂತೆ ಬೆಳೆಯುತ್ತದೆ: 7 ಸೆಕೆಂಡಿನ ಅಲೆಗೆ ಸುಮಾರು 76 ಮೀಟರ್, 14 ಸೆಕೆಂಡಿನದಕ್ಕೆ 300 ಮೀಟರ್ ದಾಟುತ್ತದೆ. ಉದ್ದದ ಅರ್ಧದಷ್ಟು ಆಳದವರೆಗೆ ಅಲೆ ನೀರನ್ನು ಅಲುಗಿಸುತ್ತದೆ. ಹಾಗಾಗಿ 1 ಮೀಟರ್, 14 ಸೆಕೆಂಡ್ ಎಂದು ಬರೆದ ದಿನ ರೀಫ್, ಅಂದರೆ ನೀರಿನಡಿಯ ಹವಳದ ದಿಬ್ಬದ ಮೇಲೆ ಅಲೆ ಒಂದು ಮೀಟರಿಗಿಂತ ಚೆನ್ನಾಗಿ ಎದ್ದು, ಬಲವಾಗಿ ಒಡೆಯುತ್ತದೆ. 1.5 ಮೀಟರ್, 7 ಸೆಕೆಂಡ್ ಎಂದರೆ ಹತ್ತಿರದ ಗಾಳಿ ಎಬ್ಬಿಸಿದ ಕಲಬೆರಕೆ.

ಡೈವರ್‌ಗಳೂ ಇದನ್ನು ತಿಳಿದಿರಬೇಕು. ದೀರ್ಘ ಅವಧಿಯ ಅದೇ ಅಲೆ 15 ಮೀಟರ್ ಕೆಳಗಿನ ನೀರನ್ನೂ ಹಿಂದೆ ಮುಂದೆ ಜಗ್ಗುತ್ತದೆ, ತಳದ ಮರಳನ್ನು ಎಬ್ಬಿಸುತ್ತದೆ. ಮೇಲೆ ಸರ್ಫರ್‌ಗಳಿಗೆ ಹಬ್ಬ, ಕೆಳಗೆ ಡೈವರ್‌ಗಳಿಗೆ ಕೈಯಳತೆಯ ಆಚೆ ಏನೂ ಕಾಣುವುದಿಲ್ಲ. ಕೋರ್ಸಿನ ನಡುವೆ ಇಂಥ ದಿನ ಬಂದರೆ ಶಿಕ್ಷಕರಿಗೆ ಹೇಳಿ ಕಡಲ ಡೈವನ್ನು ಒಂದು ದಿನ ಮುಂದಕ್ಕೆ ಹಾಕಿಸಿಕೊಳ್ಳಿ.

ಜಾಗಗಳು: ಕಲಿಯುವವರಿಗೆ ನಾರಿಗಾಮ ಬೀಚ್, ಪಟ್ಟಣದ ದಕ್ಷಿಣ ತುದಿ. ತಳದಲ್ಲಿ ಮರಳಿದೆ. ಮೇನ್ ರೀಫ್ ಹೆಸರೇ ಹೇಳುವಂತೆ ಹವಳದ ಮೇಲೆ ಒಡೆಯುವ ಅಲೆ, ಎಡಕ್ಕೂ ಬಲಕ್ಕೂ ಹೋಗಬಹುದು. ಇನ್ನೂ ಒಡೆಯದ ಹಸಿರು ಅಲೆಯನ್ನು ತಾವೇ ಹಿಡಿದು ತಿರುಗಿಸಲು ಬರುವವರೆಗೆ ಅಲ್ಲಿಗೆ ಹೋಗಬೇಡಿ. ಬೆನ್ನೀಸ್ ಎಂಬ ಎಡಗಡೆಯ ಅಲೆ ದೂರದ ಕಡಲಿನಿಂದ ಬರುವ ದೊಡ್ಡ ಅಲೆಸಾಲಾದ ಸ್ವೆಲ್‌ನಲ್ಲಿ ಮಾತ್ರ ಏಳುತ್ತದೆ, ಕೆಳಗೆ ನೀರು ತೀರಾ ಕಡಿಮೆ. ಅದು ನುರಿತವರದ್ದು. ಎರಡೇ ದಿನದಲ್ಲಿ ಕಲಿಯುವ ಹಟ ಇದ್ದರೆ ಗಾಲೆ ದಾಟಿ ವೆಲಿಗಾಮಕ್ಕೆ ಹೋಗಿ ಬನ್ನಿ. ಅಲ್ಲಿನ ಅಗಲವಾದ ಮರಳಿನ ಕೊಲ್ಲಿ ಮೊದಲ ಪಾಠಕ್ಕೆ ಹಿಕ್ಕಡುವಕ್ಕಿಂತ ವಾಸಿ. ಈ ಕರಾವಳಿಯಲ್ಲಿ ಭರತ ಇಳಿತಗಳ ಅಂತರ ಒಂದು ಮೀಟರೂ ಇಲ್ಲ. ಆದರೂ ರೀಫ್ ಮೇಲೆ ಅರ್ಧ ಮೀಟರ್ ನೀರು ಇಳಿದರೆ ಬಿದ್ದವರ ಬೆನ್ನಿಗೆ ಗೊತ್ತಾಗುತ್ತದೆ.

ಬೋರ್ಡು: 8 ಅಥವಾ 9 ಅಡಿಯ, ಮೇಲ್ಭಾಗ ಮೆತ್ತಗಿರುವ ಸಾಫ್ಟ್‌ಟಾಪ್. ಅಂಗಡಿಯವರು ನಿಮ್ಮನ್ನು ನೋಡಿ ಚಿಕ್ಕದು ಸಾಕು ಎಂದರೂ ಬೇಡ. ಚಿಕ್ಕ ಬೋರ್ಡಿನಲ್ಲಿ ಕಲಿಯುವವರು ನಿಲ್ಲುವುದೇ ಇಲ್ಲ, ಬರೀ ಈಜುತ್ತಾರೆ. ತೆಗೆದುಕೊಳ್ಳುವ ಮುನ್ನ ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್, ಎಳೆದು ನೋಡಿ: ಕಾಲಪಟ್ಟಿಯ ವೆಲ್ಕ್ರೊ ಗಟ್ಟಿಯಾಗಿ ಕಚ್ಚಬೇಕು, ತಿರುಗುವ ಕೀಲು ತುಕ್ಕು ಹಿಡಿದಿರಬಾರದು, ಬೋರ್ಡಿಗೆ ಕಟ್ಟಿದ ದಾರ ಸವೆದಿರಬಾರದು. ಲೀಶ್ ಉದ್ದ ಬೋರ್ಡಿನಷ್ಟೇ ಇರಲಿ, ಹಿಂದಿನ ಕಾಲಿಗೆ ಕಟ್ಟಿ. ಬೋರ್ಡಿನಡಿಯ ಫಿನ್, ಅಂದರೆ ರೆಕ್ಕೆಗಳನ್ನು ಅಲುಗಾಡಿಸಿ ನೋಡಿ. ಎತ್ತಿದಾಗ ಅಳತೆಗೆ ಮೀರಿ ಭಾರ ಇದ್ದರೆ ಬಿರುಕಿನೊಳಗೆ ನೀರು ಕುಡಿದಿದೆ, ಬೇರೆ ಕೇಳಿ. ಗಟ್ಟಿ ಬೋರ್ಡಾದರೆ ಕಾಲು ಜಾರದಂತೆ ಬೋರ್ಡಿಗೆ ಹಚ್ಚುವ ಉಷ್ಣವಲಯದ ವ್ಯಾಕ್ಸ್ ಬೇಕು. ಅಲ್ಲಿನ ನೀರು 27ರಿಂದ 29 ಡಿಗ್ರಿ, ತಣ್ಣೀರಿನ ವ್ಯಾಕ್ಸ್ ಅಲ್ಲಿ ಬೆಣ್ಣೆಯ ಹಾಗೆ ಜಾರುತ್ತದೆ.

ನೀರಿನಲ್ಲಿ ನಾಲ್ಕು ಮಾತು ಮರೆಯಬೇಡಿ. ಅಲೆಗೂ ನಿಮಗೂ ನಡುವೆ ಬೋರ್ಡನ್ನು ಅಡ್ಡ ಹಿಡಿಯಬೇಡಿ, ಅದು ನೇರ ಮುಖಕ್ಕೆ ಬರುತ್ತದೆ. ಬೀಳುವಾಗ ತಲೆ ಮುಂದಾಗಿ ಧುಮುಕದೆ ಚಪ್ಪಟೆಯಾಗಿ ಬೀಳಿ, ಮೇಲೆ ಬರುವಾಗ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಳ್ಳಿ. ಅಲೆ ಮೊದಲು ಒಡೆಯುವ ಜಾಗಕ್ಕೆ ಹತ್ತಿರ ಇರುವವರಿಗೇ ಆ ಅಲೆ. ಅವರು ಎದ್ದರೆ ನೀವು ಬಿಡಿ. ಸೆಳೆತ ಹೊರಗೆ ಎಳೆದರೆ ಎದುರು ಈಜದೆ, ಬೋರ್ಡನ್ನು ಬಿಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಪ್ಯಾಡಲ್ ಹೊಡೆಯಿರಿ.

ಕಡಲಹಕ್ಕಿ

ಇಬ್ಬರಿಗೂ ಧನ್ಯವಾದ. ನುವರ ಎಲಿಯ ಕೈಬಿಟ್ಟಾಯಿತು. ಇನ್ನೆರಡು ಪ್ರಶ್ನೆ. ಡೈವ್ ಮಾಡುವವರಿಗೆ ಚಿಕ್ಕಂದಿನಲ್ಲಿ ಅಸ್ತಮಾ ಇತ್ತು, ಈಗ ಔಷಧಿ ಏನೂ ಇಲ್ಲ. ಫಾರಂನಲ್ಲಿ ಬರೆಯಬೇಕೇ? ಮತ್ತೆ, ರೀಫ್ ಅಂದಮೇಲೆ ಗಾಯ ಆಗುವುದು ಖಂಡಿತ ಅನ್ನಿಸುತ್ತದೆ, ಔಷಧಿ ಪೆಟ್ಟಿಗೆಯಲ್ಲಿ ಏನಿರಬೇಕು?

ಉಪ್ಪುಗಾಯ

ಫಾರಂನಲ್ಲಿ ನಿಜವನ್ನೇ ಬರೆಯಿರಿ, ಆದರೆ ಬರೆಯುವುದು ಹಿಕ್ಕಡುವದ ಕೌಂಟರಿನಲ್ಲಿ ಅಲ್ಲ, ಇಲ್ಲೇ. ಡೈವಿಂಗ್‌ನ ಆರೋಗ್ಯ ಪ್ರಶ್ನಾವಳಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಜೊತೆಗೆ ವೈದ್ಯರು ಸಹಿ ಹಾಕುವ ಪುಟವೂ ಇರುತ್ತದೆ. ಅಸ್ತಮಾ ಇದ್ದವರು ಶ್ವಾಸಕೋಶದ ವೈದ್ಯರ ಬಳಿ ಹೋಗಿ, ಅವರು ಬಯಸಿದರೆ ಊದುವ ಪರೀಕ್ಷೆ ಮಾಡಿಸಿ, ಸಹಿ ಪಡೆದು ಒಯ್ಯಿರಿ. ಕಿರಿದಾದ ಶ್ವಾಸನಾಳದ ಹಿಂದೆ ಗಾಳಿ ಸಿಕ್ಕಿಕೊಂಡರೆ ಮೇಲೆ ಬರುವಾಗ ಅದು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು, ಆ ಪ್ರಶ್ನೆ ಇರುವುದು ಅದಕ್ಕೇ. ಸಹಿ ಇಲ್ಲದೆ ಹೋದರೆ ಒಳ್ಳೆಯ ಅಂಗಡಿ ನಿಮ್ಮನ್ನು ನೀರಿಗೆ ಇಳಿಸುವುದಿಲ್ಲ. ಸುಳ್ಳು ಬರೆದರೆ ವಿಮೆಯೂ ಕೈಕೊಡುತ್ತದೆ. ವಿಮೆಯ ಮಾತು ಬಂದಿದ್ದರಿಂದ: ಸಾಮಾನ್ಯ ಪ್ರವಾಸ ವಿಮೆಯಲ್ಲಿ ಡೈವಿಂಗ್ ಸೇರಿದೆಯೇ, ಎಷ್ಟು ಮೀಟರ್‌ವರೆಗೆ ಎಂದು ಓದಿ. ಸೇರಿಲ್ಲದಿದ್ದರೆ ಡೈವಿಂಗ್ ವಿಮೆ ಬೇರೆ ಮಾಡಿಸಿ.

ಇನ್ನು ಪೆಟ್ಟಿಗೆ. ಹವಳದ ಗೀರು ಚಿಕ್ಕದಾಗಿ ಕಂಡರೂ ಒಳಗೆ ಸುಣ್ಣದ ಚೂರು, ಲೋಳೆ, ಬ್ಯಾಕ್ಟೀರಿಯಾ ಉಳಿದಿರುತ್ತವೆ. ಬಿಸಿಲು, ಬೆವರಿನ ಊರಿನಲ್ಲಿ ಎರಡೇ ದಿನಕ್ಕೆ ಕೀವಾಗುತ್ತದೆ. ಮೊದಲು ಕುಡಿಯುವ ನೀರಿನ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಒತ್ತಿ ಹಾಯಿಸಿ, ಸೋಪು ಹಚ್ಚಿ ಮೆತ್ತನೆಯ ಹೊಸ ಟೂತ್‌ಬ್ರಷ್‌ನಿಂದ ಉಜ್ಜಿ. ಉರಿಯುತ್ತದೆ, ಆದರೂ ಉಜ್ಜಲೇಬೇಕು. ಕಣ್ಣಿಗೆ ಕಾಣುವ ಚೂರನ್ನು ಚಿಮುಟದಿಂದ ತೆಗೆದು ಪೊವಿಡೋನ್ ಅಯೋಡಿನ್ ಹಚ್ಚಿ, ಒಣ ಬ್ಯಾಂಡೇಜ್ ಕಟ್ಟಿ. ಗಾಯ ಮುಚ್ಚುವವರೆಗೆ ನೀರಿಗೆ ಇಳಿಯದಿರುವುದು ಉತ್ತಮ. ಸುತ್ತ ಕೆಂಪು ಹರಡಿದರೆ, ಮಿಡಿದರೆ, ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಗಾಲೆಯ ಕರಾಪಿಟಿಯದಲ್ಲಿದೆ. ಆಂಬುಲೆನ್ಸ್‌ಗೆ 1990, ಅದು ಉಚಿತ. ಟೆಟನಸ್ ಚುಚ್ಚುಮದ್ದು ಹೊರಡುವ ಮೊದಲೇ ಆಗಿರಲಿ.

ಮುಳ್ಳುಚೆಂಡಿನಂಥ ಕಡಲಜೀವಿ ಸೀ ಅರ್ಚಿನ್ ತುಳಿದರೆ ಕಪ್ಪು ಮುಳ್ಳು ಒಳಗೇ ಮುರಿಯುತ್ತದೆ. ಸೂಜಿ ಹಾಕಿ ಕೆದಕಬೇಡಿ, ಇನ್ನಷ್ಟು ಪುಡಿಯಾಗುತ್ತದೆ. ಹೊರಗೆ ಚಾಚಿದ್ದನ್ನು ಮಾತ್ರ ತೆಗೆದು, ತಡೆಯುವಷ್ಟು ಬಿಸಿಯ, ಅಂದರೆ 45 ಡಿಗ್ರಿ ಮೀರದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕಾಲಿಡಿ, ನೋವು ಇಳಿಯುತ್ತದೆ. ನೋವಿರುವ ಕಾಲಿಗೆ ಬಿಸಿಯ ಅಂದಾಜು ಸಿಗುವುದಿಲ್ಲ, ಇನ್ನೊಂದು ಕಾಲಿನಿಂದ ಮೊದಲು ನೋಡಿಕೊಳ್ಳಿ. ಕೀಲಿನ ಹತ್ತಿರ ಚುಚ್ಚಿದ್ದರೆ ವೈದ್ಯರೇ ನೋಡಬೇಕು.

ಕಿವಿ: ಪ್ರತಿ ಬಾರಿ ನೀರಿನಿಂದ ಬಂದ ಮೇಲೆ ಸಿಹಿನೀರು ಹಾಯಿಸಿ, ತಲೆ ಓರೆ ಮಾಡಿ ಒಣಗಿಸಿ. ಹತ್ತಿಕಡ್ಡಿ ಬೇಡವೇ ಬೇಡ. ಸರ್ಫಿಂಗ್‌ಗೆ ಹಾಕುವ ಕಿವಿಬೆಣೆಯನ್ನು ಡೈವ್ ದಿನ ಚೀಲದಿಂದಲೇ ತೆಗೆದಿಡಿ. ಬೆಣೆ ಮತ್ತು ತಮಟೆಯ ನಡುವೆ ಸಿಕ್ಕ ಗಾಳಿಯ ಒತ್ತಡವನ್ನು ಸಮ ಮಾಡಲು ದಾರಿಯೇ ಇಲ್ಲ. ನೆಗಡಿ ಇದ್ದಾಗ ಮೂಗು ಬಿಡಿಸುವ ಔಷಧಿ ತೆಗೆದುಕೊಂಡು ಇಳಿಯಬೇಡಿ. ಕೆಳಗೆ ಇರುವಾಗ ಅದರ ಪ್ರಭಾವ ಇಳಿದರೆ ಮೇಲೆ ಬರುವಾಗ ಗಾಳಿ ಹೊರಬರದೆ ಕಿವಿ ಒಳಗಿನಿಂದ ಒತ್ತಿಕೊಳ್ಳುತ್ತದೆ. ವಾಂತಿ ತಡೆಯುವ ಮಾತ್ರೆಗಳಲ್ಲಿ ಹಲವು ನಿದ್ದೆ ತರುತ್ತವೆ. ಯಾವುದೇ ಆಗಲಿ, ವೈದ್ಯರನ್ನು ಕೇಳಿ, ಊರಲ್ಲಿ ಒಮ್ಮೆ ನುಂಗಿ ನೋಡಿದ ಮೇಲೆಯೇ ಡೈವ್ ದಿನ ಬಳಸಿ.

ಕಾಲಿಗೆ ರೀಫ್ ಬೂಟು ಹಾಕಿ ಎನ್ನುವುದು ನನ್ನ ಸಲಹೆ.

ತೆರೆಸವಾರ

ಬೂಟಿನ ವಿಷಯದಲ್ಲಿ ಸ್ವಲ್ಪ ಭಿನ್ನಮತ. ಮೇನ್ ರೀಫ್‌ನಲ್ಲಿ ನಡೆದುಕೊಂಡು ಒಳಗೆ ಹೋಗುವವರಿಗೆ ಬೇಕು, ಸರಿ. ನಾರಿಗಾಮದ ಮರಳಿನಲ್ಲಿ ಮೊದಲ ಪಾಠಕ್ಕೆ ಬೇಡ. ಪಾದಕ್ಕೆ ಬೋರ್ಡಿನ ಸ್ಪರ್ಶ ಸಿಗದೆ ನಿಲ್ಲುವುದು ಕಷ್ಟವಾಗುತ್ತದೆ, ಅಂಗಾಲು ಬೋರ್ಡಿಗೆ ಸಿಕ್ಕಿ ಮುಗ್ಗರಿಸುತ್ತೀರಿ. ಅಲ್ಲಿ ಹೆಚ್ಚು ಕಾಡುವುದು ಹೊಟ್ಟೆ, ಎದೆ ತರಚುವುದು ಮತ್ತು ಬಿಸಿಲು. ಮೈಗೆ ಅಂಟುವ ಪೂರ್ತಿ ತೋಳಿನ ರ‍್ಯಾಶ್‌ಗಾರ್ಡ್, ಮೊಣಕಾಲಿನ ಹಿಂಬದಿ ಮುಚ್ಚುವ ಲೆಗ್ಗಿಂಗ್ ಒಯ್ಯಿರಿ. ಮುಖಕ್ಕೆ ಬಿಸಿಲು ತಡೆಯುವ ದಪ್ಪನೆಯ ಜಿಂಕ್ ಕ್ರೀಮ್ ಹಚ್ಚಿ. ತೆಳ್ಳಗಿನ ಲೋಶನ್ ಹತ್ತು ನಿಮಿಷಕ್ಕೆ ಕಣ್ಣಿಗಿಳಿದು ಉರಿಯುತ್ತದೆ.

ನೀರಾಳ

ಅಂಗಡಿ ಗುರುತಿಸುವ ಪ್ರಶ್ನೆ ಬಾಕಿ ಇದೆ. ನಾಮಫಲಕ, ಸ್ಟಿಕ್ಕರ್ ನೋಡಬೇಡಿ, ಈ ಪ್ರಶ್ನೆಗಳನ್ನು ಕೇಳಿ: ಒಬ್ಬ ಶಿಕ್ಷಕರಿಗೆ ಎಷ್ಟು ವಿದ್ಯಾರ್ಥಿಗಳು? ನಾಲ್ಕಕ್ಕಿಂತ ಹೆಚ್ಚಾದರೆ ಬೇರೆ ಕಡೆ ನೋಡಿ. ನಿಯಮದ ಮಿತಿ ಅದಕ್ಕಿಂತ ಜಾಸ್ತಿ ಇದ್ದರೂ ಹೊಸಬರಿಗೆ ನಾಲ್ಕೇ ಹೆಚ್ಚು. ದೋಣಿಯಲ್ಲಿ ಆಕ್ಸಿಜನ್ ಇದೆಯೇ? ಇದೆ ಎಂದರೆ ತೋರಿಸಿ ಎನ್ನಿ. ಅವಘಡವಾದರೆ, ಗುಳ್ಳೆ ಕಟ್ಟಿದವರಿಗೆ ಚಿಕಿತ್ಸೆ ಕೊಡುವ ಯಾವ ಒತ್ತಡಕೋಣೆಗೆ ಕರೆದೊಯ್ಯುತ್ತೀರಿ, ಹೇಗೆ? ಇದಕ್ಕೆ ತಡವರಿಸದೆ ಉತ್ತರ ಬರಬೇಕು. ಆಳ, ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ಪ್ರತಿಯೊಬ್ಬರಿಗೂ ಕೊಡುತ್ತೀರಾ? ಮೂರೇ ದಿನದ ಕೋರ್ಸನ್ನು ಎರಡೇ ದಿನಕ್ಕೆ ಮುಗಿಸಿಕೊಡುತ್ತೇವೆ ಎಂದು ತಾವಾಗಿಯೇ ಹೇಳುವವರಿಂದ ದೂರ ಇರಿ.

ಉಪಕರಣವನ್ನು ದೋಣಿ ಹತ್ತುವ ಮುನ್ನ ದಡದಲ್ಲೇ ನೋಡಿ. ಟ್ಯಾಂಕ್ ತೆರೆದು ಗೇಜ್ 200 ಬಾರ್ ಆಸುಪಾಸು ತೋರಿಸುತ್ತಿದೆಯೇ ನೋಡಿ, ಅದನ್ನೇ ನೋಡುತ್ತಾ, ಬಾಯಿಗೆ ಕಚ್ಚಿ ಉಸಿರಾಡುವ ರೆಗ್ಯುಲೇಟರ್‌ನಲ್ಲಿ ನಾಲ್ಕೈದು ಸಲ ಜೋರಾಗಿ ಉಸಿರೆಳೆಯಿರಿ. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಬಿದ್ದು ಏಳುತ್ತಿದ್ದರೆ ಟ್ಯಾಂಕಿನ ವಾಲ್ವ್ ಪೂರ್ತಿ ತೆರೆದಿಲ್ಲ. ಇದು ಜೀವಕ್ಕೆ ಸಂಬಂಧಿಸಿದ್ದು, ಮೇಲೆ ಸರಿಯಾಗಿ ಬರುವ ಗಾಳಿ ಆಳದಲ್ಲಿ ಸಾಲುವುದಿಲ್ಲ. ಗಾಳಿಗೆ ಎಣ್ಣೆಯ ಅಥವಾ ಹೊಗೆಯ ವಾಸನೆ ಇದ್ದರೆ ಆ ಟ್ಯಾಂಕ್ ಬೇಡ. ತೇಲಲು ಗಾಳಿ ತುಂಬುವ ಬಿಸಿಡಿ ಜಾಕೆಟ್ ಪೂರ್ತಿ ಊದಿಸಿ ಹತ್ತು ನಿಮಿಷ ಬಿಡಿ, ಮೆತ್ತಗಾದರೆ ಸೋರುತ್ತಿದೆ. ಊದಿಸುವ ಗುಂಡಿ ಒಳಗೇ ಸಿಕ್ಕಿಕೊಂಡರೆ ನಿಮ್ಮನ್ನು ತಾನಾಗಿ ಮೇಲಕ್ಕೆ ಎತ್ತಿಬಿಡುತ್ತದೆ, ಅದನ್ನೂ ಒತ್ತಿ ಬಿಟ್ಟು ನೋಡಿ. ನೀರಿನಲ್ಲಿ 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕು. ಏರುವ ವೇಗ ನಿಮಿಷಕ್ಕೆ 9 ಮೀಟರ್ ದಾಟದಿರಲಿ, 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಿ. ಕಿವಿಯನ್ನು ಬಿಡಿಸುವುದು, ಅಂದರೆ ಮೂಗು ಹಿಡಿದು ಮೆಲ್ಲಗೆ ಊದಿ ಒತ್ತಡ ಸಮ ಮಾಡುವುದು, ನೋವು ಬಂದ ಮೇಲೆ ಅಲ್ಲ, ತಲೆ ಮುಳುಗಿದ ಕ್ಷಣದಿಂದ ಪ್ರತಿ ಅರ್ಧ ಮೀಟರಿಗೆ ಬಿಡಿಸುತ್ತಾ ಹೋಗಬೇಕು. ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ನೋಡಿ, ಒತ್ತಾಯ ಮಾಡಬೇಡಿ.

ಡೈವ್ ಉಪಕರಣದಲ್ಲಿ ಸ್ವಂತದ್ದು ಎಂದು ಒಯ್ಯಬೇಕಾದದ್ದು ಮಾಸ್ಕ್ ಒಂದೇ, ಉಳಿದದ್ದು ಬಾಡಿಗೆಗೆ. ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದರೆ ಮಾಸ್ಕ್ ಅಂಟಿ ನಿಲ್ಲಬೇಕು. ಹೊಸ ಮಾಸ್ಕಿನ ಗಾಜಿನ ಒಳಬದಿಯನ್ನು ಬಿಳಿ ಟೂತ್‌ಪೇಸ್ಟ್‌ನಿಂದ ಎರಡು ಮೂರು ಸಲ ಉಜ್ಜಿ ತೊಳೆಯದಿದ್ದರೆ ಎಷ್ಟು ಉಗುಳು ಹಚ್ಚಿದರೂ ಮಂಜು ಕಟ್ಟುತ್ತದೆ. ಮೀಸೆ ಇರುವವರಿಗೆ ಮೂಗಿನಡಿಯಿಂದ ನೀರು ಸೋರುತ್ತದೆ. ಪೂರ್ತಿ ಬೋಳಿಸಬೇಕಿಲ್ಲ, ಮೂಗಿಗೆ ತಾಗಿದ ಒಂದು ಕಿರುಬೆರಳಿನಷ್ಟು ಪಟ್ಟಿ ತೆಗೆದರೆ ಸಾಕು. ವ್ಯಾಸಲೀನ್ ಹಚ್ಚಿ ಎಂದು ಹೇಳುವವರಿದ್ದಾರೆ, ಅದು ಮಾಸ್ಕಿನ ಅಂಚನ್ನು ಹಾಳುಮಾಡುತ್ತದೆ.

ಏನು ನೋಡಲು ಸಿಗುತ್ತದೆ ಎನ್ನುವುದರ ಬಗ್ಗೆಯೂ ಸರಿಯಾದ ಅಂದಾಜಿರಲಿ. ದಡದ ಹವಳದ ಪ್ರದೇಶಕ್ಕೆ 1979ರಲ್ಲಿ ಅಭಯಧಾಮದ ರಕ್ಷಣೆ, 2002ರಲ್ಲಿ ರಾಷ್ಟ್ರೀಯ ಉದ್ಯಾನದ ಸ್ಥಾನ ಸಿಕ್ಕಿತು. ಆದರೆ 1998ರಲ್ಲಿ ಕಡಲು ಕಾದು ಹವಳ ಬಿಳಿಚಿಕೊಂಡಾಗ ಇಲ್ಲಿ ಬಹಳ ಹಾನಿಯಾಗಿದೆ. ಬಣ್ಣದ ಹವಳದ ತೋಟ ನಿರೀಕ್ಷಿಸಿ ಹೋದರೆ ನಿರಾಸೆ. ಹಿಕ್ಕಡುವದ ನಿಜವಾದ ಸೊಗಸು ಬಂಡೆಗಳು ಮತ್ತು ಮುಳುಗಿದ ಹಡಗುಗಳು. 1893ರಲ್ಲಿ ಮುಳುಗಿದ ಅರ್ಲ್ ಆಫ್ ಶಾಫ್ಟ್ಸ್‌ಬರಿ ಎಂಬ ಕಬ್ಬಿಣದ ಹಾಯಿಹಡಗು ಕಡಿಮೆ ಆಳದಲ್ಲಿದೆ, ಹೊಸ ಸರ್ಟಿಫಿಕೇಟ್ ಹಿಡಿದವರಿಗೆ ಹೇಳಿಮಾಡಿಸಿದ್ದು. 1903ರಲ್ಲಿ ಅಕುರಾಲ ಬಳಿ ಮುಳುಗಿದ ಕಾಂಕ್ ಎಂಬ ಎಣ್ಣೆ ಹಡಗಿನ ತಳ ಸುಮಾರು 20 ಮೀಟರ್ ಆಳದಲ್ಲಿದೆ. 18 ಮೀಟರ್ ಮಿತಿಯವರು ಅದರ ಮೇಲ್ಭಾಗದಲ್ಲೇ ಇರಬೇಕು, ಒಳಗೆ ನುಗ್ಗಬಾರದು. ಏಳನೇ ದಿನ ಉಳಿದರೆ ಮೊದಲನೆಯದನ್ನು ಕೇಳಿ.

ಬೀಚಿನ ಉತ್ತರ ತುದಿಗೆ ಕಡಲಾಮೆಗಳು ದಡದವರೆಗೆ ಬರುತ್ತವೆ. ಪಾಚಿ ಕೈಗಿತ್ತು ತಿನ್ನಿಸಿ, ಮುಟ್ಟಿ, ಫೋಟೊ ತೆಗೆಯಿರಿ ಎಂದು ಕರೆಯುವವರಿರುತ್ತಾರೆ. ಅಲ್ಲಿನ ಎಲ್ಲ ಐದು ಜಾತಿಯ ಕಡಲಾಮೆಗಳಿಗೂ ಕಾನೂನಿನ ರಕ್ಷಣೆ ಇದೆ, ದಯವಿಟ್ಟು ತಿನ್ನಿಸುವುದೂ ಬೇಡ, ಮುಟ್ಟುವುದೂ ಬೇಡ. ಆ ಭಾಗದಲ್ಲೇ ಗಾಜಿನ ತಳದ ದೋಣಿಗಳೂ ಓಡಾಡುವುದರಿಂದ ಸ್ನಾರ್ಕೆಲ್ (ಉಸಿರುಕೊಳವೆ ಕಚ್ಚಿ ಮೇಲ್ಮೈಯಲ್ಲೇ ಈಜು) ಮಾಡುವವರು ಎದ್ದುಕಾಣುವ ಬಣ್ಣದ ತೇಲುಬುರುಡೆ ಕಟ್ಟಿಕೊಂಡಿರಬೇಕು. ಪ್ರೊಪೆಲ್ಲರ್ ಸದ್ದು ನೀರಿನೊಳಗೆ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಗೊತ್ತಾಗುವುದಿಲ್ಲ.

ತೆರೆಸವಾರ

ಪ್ರಯಾಣದ ಬಗ್ಗೆ ಯಾರೂ ಹೇಳಿಲ್ಲ. ಕೊಲಂಬೊ ಫೋರ್ಟ್‌ನಿಂದ ಗಾಲೆ, ಮಾತರ ಕಡೆಗೆ ಹೋಗುವ ಕರಾವಳಿ ರೈಲು ಹಿಕ್ಕಡುವದಲ್ಲಿ ನಿಲ್ಲುತ್ತದೆ. ದೂರ ಸುಮಾರು 100 ಕಿಲೋಮೀಟರ್, ಬಲಗಡೆ ಕೂತರೆ ಕಡಲು. ಕಚೇರಿ ಬಿಡುವ ಹೊತ್ತಿನ ರೈಲಿನಲ್ಲಿ ಚೀಲ ಇಡಲೂ ಜಾಗ ಇರುವುದಿಲ್ಲ. ವಿಮಾನ ರಾತ್ರಿ ಇಳಿಯುವುದಾದರೆ ಕಾರು ಮಾಡಿ, ಗಾಲೆ ರಸ್ತೆ ಬೇಡ, ಸದರ್ನ್ ಎಕ್ಸ್‌ಪ್ರೆಸ್‌ವೇ ಹಿಡಿಯಿರಿ ಎಂದು ಮೊದಲೇ ಮಾತಾಡಿ. ಟುಕ್‌ಟುಕ್‌ಗೆ ಪಿಕ್‌ಮಿ ಆ್ಯಪ್ ಹಾಕಿಕೊಂಡರೆ ಚೌಕಾಸಿ ತಪ್ಪುತ್ತದೆ. ಹುಣ್ಣಿಮೆ ಪೋಯ ದಿನ, ಸಾರ್ವಜನಿಕ ರಜೆ. ಡೈವ್ ಅಂಗಡಿ ಅಂದು ದೋಣಿ ಬಿಡುತ್ತದೆಯೇ ಎಂದು ಕಾಯ್ದಿರಿಸುವಾಗಲೇ ಕೇಳಿಕೊಳ್ಳಿ.

ಗಾಲೆ ರಸ್ತೆ ಪಟ್ಟಣದ ನಡುವೆಯೇ ಹಾದುಹೋಗುತ್ತದೆ, ಬಸ್ಸುಗಳು ವೇಗ ಇಳಿಸುವುದಿಲ್ಲ. ಒಂಬತ್ತಡಿ ಬೋರ್ಡು ಕಂಕುಳಲ್ಲಿ ಅಡ್ಡ ಹಿಡಿದು ದಾಟುವಾಗ ಒಂದು ಕಡೆ ಏನೂ ಕಾಣುವುದಿಲ್ಲ, ಬಸ್ಸಿನ ಗಾಳಿಗೆ ಬೋರ್ಡು ತಿರುಗಿಬಿಡುತ್ತದೆ. ರಸ್ತೆಯ ಕಡಲ ಬದಿಯಲ್ಲೇ ರೂಮು ಹುಡುಕಿ. ಬಾಡಿಗೆ ಬೋರ್ಡನ್ನು ರಾತ್ರಿ ಅಂಗಡಿಯಲ್ಲೇ ಬಿಟ್ಟು ಬನ್ನಿ.